ಲೇಟ್ ಫೀ ಕಟ್ಟಿದರೆ ಮುಗಿಯಿತೇ?

ದಾವಣಗೆರೆಯ ಓದುಗರೊಬ್ಬರ ಪತ್ರ ಓದಿ ಮನಸ್ಸು ತಡೆಯಲಿಲ್ಲ. ಈ ವಾರದ ಜಾಗವೆಲ್ಲ ಅವರಿಗೇ.

ಮಾವ ಕಟ್ಟಿ ಬೆಳೆಸಿದ ಅಕೌಂಟಿಂಗ್ ಆಫೀಸನ್ನು ಈಗ ಅವರು ಮೈದುನನ ಜೊತೆ ನಡೆಸುತ್ತಿದ್ದಾರೆ. ಹಳೇ ಪಾರ್ಟಿಗಳು ಒಬ್ಬೊಬ್ಬರಾಗಿ ಫೈಲ್ ತೆಗೆದುಕೊಂಡು ಹೋಗುತ್ತಿದ್ದಾರೆ. ಮೊನ್ನೆ ಮಾವನ ಕಾಲದ ಬಟ್ಟೆ ಹೋಲ್‌ಸೇಲ್ ಸಾಹುಕಾರರೂ ಹೋದರು. ಪಕ್ಕದ ಬೀದಿಯ ಹೊಸ ಆಫೀಸಿನಲ್ಲಿ ಫೀಸು ಕಡಿಮೆಯಂತೆ. ನಾವೂ ಇಳಿಸೋಣವೇ ಎಂದು ಕೇಳಿದ್ದಾರೆ.

ಬೇಡ ಅಮ್ಮಾ. ಫೀಸು ಜಾಸ್ತಿ ಅನ್ನಿಸಿದವರು ಮೊದಲು ಚೌಕಾಸಿಗೆ ಬರುತ್ತಾರೆ. ನಿಮ್ಮ ಸಾಹುಕಾರರು ಒಂದು ಮಾತೂ ಆಡದೆ ಎದ್ದು ಹೋಗಿದ್ದಾರೆ.

ಪತ್ರದ ನಡುವೆ ನೀವು ಸುಮ್ನೆ ಬರೆದು ಮುಂದೆ ಹೋದ ಒಂದು ಸಾಲಿದೆ: "ಅವರ ಜಿಎಸ್‌ಟಿಆರ್-1 (ತಿಂಗಳ ಮಾರಾಟದ ಬಿಲ್ಲುಗಳ ರಿಟರ್ನ್) ಎರಡು ಸಲ 11ನೇ ತಾರೀಖು ದಾಟಿತ್ತು, ಲೇಟ್ ಫೀ ಬಂದರೆ ನಾವೇ ಕಟ್ಟುತ್ತೇವೆ ಅಂದೆವು, ಅಲ್ಲಿಗೆ ಮುಗೀತು." ನಿಮಗೆ ಮುಗೀತು. ಅವರಿಗೆ ಶುರುವಾಗಿದ್ದೇ ಅಲ್ಲಿಂದ. 11 ದಾಟಿದರೆ ಅವರ ಬಿಲ್ಲು, ಕೊಂಡವರಿಗೆ 14ಕ್ಕೆ ಬರುವ ಖರೀದಿ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ. ಅವರಿಂದ 4 ಲಕ್ಷದ ಬಟ್ಟೆ ಕೊಂಡ ಅಂಗಡಿಯವನಿಗೆ ಶೇ 5ರ ಲೆಕ್ಕದಲ್ಲಿ 20,000 ರೂಪಾಯಿ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಆ ತಿಂಗಳು ಸಿಗುವುದಿಲ್ಲ. 20ರೊಳಗೆ ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಹಾಕುವಾಗ ಅಷ್ಟನ್ನೂ ಕೈಯಿಂದ ಕಟ್ಟಬೇಕು. ಅವನು ಬೈಯುವುದು ಸಾಹುಕಾರರನ್ನು, ನಿಮ್ಮನ್ನಲ್ಲ. ತಮ್ಮದೇ ಗಿರಾಕಿಗಳ ಮುಂದೆ ಎರಡು ಸಲ ತಲೆ ತಗ್ಗಿಸಿದವರು ಮೂರನೇ ಸಲಕ್ಕೆ ಯಾಕೆ ಕಾಯಬೇಕು?

ಬಿಲ್ಲು ತಡವಾಗಿ ಕಳಿಸೋದು ಪಾರ್ಟಿಗಳೇ ಅನ್ನುತ್ತೀರಿ. ಸರಿ. ಆದರೆ "10ಕ್ಕೆ ಕೊಟ್ಟರೂ ನಡೆಯುತ್ತೆ ಬಿಡಿ" ಅಂದವರು ಯಾರು? ನಿಮ್ಮ ಮೈದುನ. ಅದನ್ನೂ ನೀವೇ ಬರೆದಿದ್ದೀರಿ, ಅವನು ತಿಂಗಳು ತಿಂಗಳೂ ಹೊಸ ಪಾರ್ಟಿ ತರುತ್ತಾನೆ ಎಂಬ ಹೆಮ್ಮೆಯ ಜೊತೆಗೆ. ನನಗೆ ಅವನ ಮೇಲೆ ಸಿಟ್ಟಿದೆ. ಮಾತು ಕೊಡುವವನು ಅವನು. 10ರ ರಾತ್ರಿ ಪೋರ್ಟಲ್ ತಿರುಗುತ್ತಾ ಕೂತಿರುವಾಗ ಕಣ್ಣು ಕೆಂಪಗೆ ಮಾಡಿಕೊಂಡು ಕೂರುವವರು ನೀವು ಮತ್ತು ಆಫೀಸಿನ ಇಬ್ಬರು ಹುಡುಗಿಯರು. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮಾತು ಕೊಟ್ಟವರೇ ಕೆಲಸಕ್ಕೂ ಕೂರಬೇಕು.

ನಿಮಗೆ ಹೇಳುವುದು ಒಂದೇ. ನಿಮ್ಮ ಆಫೀಸಿಗೆ ಇನ್ನು ಮುಂದೆ 11ನೇ ತಾರೀಖು ಇಲ್ಲ, 9 ಮಾತ್ರ. ಬಿಲ್ಲುಗಳು 5ಕ್ಕೆ ಬರಬೇಕು. 6ರ ಬೆಳಿಗ್ಗೆ ಬಾರದವರ ಪಟ್ಟಿ ಹಿಡಿದು ಫೋನ್ ಮಾಡುವವನು ಮೈದುನ. ಫೈಲ್ ಆದ ಸಂಜೆಯೇ ಸಲ್ಲಿಕೆಯ ರಸೀದಿ ಸಂಖ್ಯೆಯಾದ ಎಆರ್‌ಎನ್ ಪಾರ್ಟಿಯ ವಾಟ್ಸಾಪ್‌ಗೆ ಹೋಗಬೇಕು, ಅವರು "ಆಯ್ತಾ?" ಎಂದು ಕೇಳುವ ಮೊದಲೇ. ಮೂರು ತಿಂಗಳು ಇದು ತಪ್ಪದೆ ನಡೆಯುವ ತನಕ ಒಂದೂ ಹೊಸ ಪಾರ್ಟಿ ಬೇಡ. ಮೈದುನ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.