ಸರ್ಕಲ್‌ನಲ್ಲಿ ಗುದ್ದಿದ್ದು ನನ್ನ ಕಾರು, ಹಾಗಂತ ತಪ್ಪೂ ನನ್ನದೇನಾ?

ಪ್ರಶ್ನೆ: ಬಾಗಲಕೋಟೆ ನವನಗರದ ಒಂದು ಸರ್ಕಲ್‌ನಲ್ಲಿ ಸುತ್ತು ಹಾಕುತ್ತಿದ್ದೆ. ಎಡಗಡೆ ರಸ್ತೆಯಿಂದ ಒಂದು ಕಾರು ನಿಲ್ಲದೆ ಒಳಗೆ ಬಂತು. ಬ್ರೇಕ್ ಒತ್ತಿದರೂ ನನ್ನ ಕಾರಿನ ಮುಂಭಾಗ ಅವರ ಡ್ರೈವರ್ ಬಾಗಿಲಿಗೆ ಬಡಿಯಿತು. ಯಾರಿಗೂ ಪೆಟ್ಟಾಗಿಲ್ಲ. "ನಾನು ಆಗಲೇ ಸರ್ಕಲ್ ಒಳಗಿದ್ದೆ, ಹಿಂದಿನಿಂದ ಬಂದು ಗುದ್ದಿದ್ದು ನೀವು, ಖರ್ಚು ಕೊಡಿ" ಅಂತಿದ್ದಾರೆ. ತಪ್ಪು ಯಾರದು?

ಉತ್ತರ:

ನೀವು ಹೇಳಿದ ಹಾಗೇ ನಡೆದಿದ್ದರೆ ತಪ್ಪಿನ ದೊಡ್ಡ ಪಾಲು ಅವರದು. ನಾನು ವಿಮಾ ಸರ್ವೇಯರ್. ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆಯ ಗ್ಯಾರೇಜುಗಳಲ್ಲಿ ನಜ್ಜುಗುಜ್ಜಾದ ಗಾಡಿ ನೋಡುವುದೇ ನನ್ನ ಕೆಲಸ. ನಿಮ್ಮಂಥ ಜಗಳ ಹೊಸದೇನಲ್ಲ.

ರಸ್ತೆಯಲ್ಲಿ ಸೇರುವ ಜನ ಒಂದೇ ಲೆಕ್ಕ ಹಾಕುತ್ತಾರೆ: ಯಾರ ಗಾಡಿಯ ಮೂತಿ ಒಡೆದಿದೆಯೋ ಅವನೇ ಗುದ್ದಿದವನು, ಅವನದೇ ತಪ್ಪು. ಇಲ್ಲವಾದರೆ ಯಾರ ಗಾಡಿ ದೊಡ್ಡದೋ ಅವನದು. ಎರಡೂ ಕಾನೂನಲ್ಲ. ಯಾರು ಯಾರಿಗೆ ಗುದ್ದಿದರು ಅನ್ನುವುದು ಮುಖ್ಯವಲ್ಲ, ಯಾರು ನಿಲ್ಲಬೇಕಿತ್ತು ಅನ್ನುವುದು ಮುಖ್ಯ.

ನಮ್ಮಲ್ಲಿ ಎಡಗಡೆ ಓಡಿಸುತ್ತೇವೆ, ಹಾಗಾಗಿ ಸರ್ಕಲ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಬೇಕು. ಒಳಗೆ ಬರಲು ನಿಂತವನಿಗೆ, ಆಗಲೇ ಸುತ್ತುತ್ತಿರುವ ಗಾಡಿ ಯಾವಾಗಲೂ ಬಲಗಡೆಯಿಂದಲೇ ಬರುತ್ತದೆ. ಬಲಗಡೆಯವನಿಗೆ ದಾರಿ ಬಿಡಬೇಕು ಅನ್ನುವುದು ನಮ್ಮ ರಸ್ತೆ ನಿಯಮಗಳಲ್ಲಿ ಹಳೆಯದು. 1989ರ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದ ಮೇಲೂ ಅದು ಹಾಗೇ ಇದೆ. ಅಂದರೆ ಅವರು ನಿಂತು ನಿಮ್ಮನ್ನು ಬಿಟ್ಟು ಆಮೇಲೆ ಬರಬೇಕಿತ್ತು. ಪೊಲೀಸರು ಕೈ ತೋರಿಸಿ ಬಿಟ್ಟಿದ್ದರೆ ಮಾತ್ರ ಮಾತು ಬೇರೆ.

ಆದರೆ "ನಾನು ಆಗಲೇ ಒಳಗಿದ್ದೆ" ಅಂತ ಇಬ್ಬರೂ ಹೇಳುತ್ತೀರಿ, ಅಲ್ವಾ? ಆಗ ತಗಡು ಮಾತಾಡುತ್ತದೆ.

ಅವರ ಬಾಗಿಲನ್ನು ಹತ್ತಿರದಿಂದ ನೋಡಿ. ಅವರು ನಿಜವಾಗಿ ನಿಮ್ಮ ಮುಂದೆ ಸುತ್ತು ಹಾಕುತ್ತಿದ್ದು ನೀವು ಹಿಂದಿನಿಂದ ಬಂದಿದ್ದರೆ ಪೆಟ್ಟು ಅವರ ಹಿಂದಿನ ಬಂಪರಿಗೋ, ಡಿಕ್ಕಿಯ ಮೂಲೆಗೋ ಬೀಳಬೇಕಿತ್ತು. ಡ್ರೈವರ್ ಬಾಗಿಲಿಗೆ ಬಿದ್ದಿದೆ ಅಂದರೆ ಗಾಡಿ ನಿಮಗೆ ಅಡ್ಡವಾಗಿತ್ತು. ಇನ್ನು ಗೀರು. ಬಾಗಿಲಿನ ಮೇಲೆ ಗೀರು ಮುಂದಿನಿಂದ ಹಿಂದಕ್ಕೆ ಎಳೆದ ಹಾಗಿದ್ದು, ಕಿತ್ತ ಬಣ್ಣ ಹಿಂದಿನ ತುದಿಯಲ್ಲಿ ಗುಡ್ಡೆಯಾಗಿದ್ದರೆ, ಬಡಿಯುವಾಗ ಆ ಕಾರು ಮುಂದಕ್ಕೆ ಓಡುತ್ತಿತ್ತು. ಅವರು ನಿಂತಿದ್ದರೆ ಅಂಥ ಗೀರು ಬರುವುದಿಲ್ಲ, ಪೆಟ್ಟು ಬಿದ್ದ ಜಾಗದಲ್ಲೇ ತಗಡು ಒಳಗೆ ಕುಸಿದಿರುತ್ತದೆ. ಈಗ ನಿಮ್ಮ ಬಂಪರ್ ನೋಡಿ. ಅದು ಎಡದಿಂದ ಬಲಕ್ಕೆ ಎಳೆದುಕೊಂಡು ಹೋಗಿ ಕ್ಲಿಪ್ ಕಿತ್ತಿದ್ದರೆ, ಎಡಗಡೆಯಿಂದ ಬಂದ ಗಾಡಿ ನಿಮ್ಮ ಮುಂದೆ ಹಾಯ್ದು ಹೋಗುತ್ತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ನೆಲವನ್ನೂ ಬಿಡಬೇಡಿ. ನಮ್ಮ ಕಡೆ ಗಾಡಿಗಳ ಮಡ್ಗಾರ್ಡ್ ಒಳಗೆ ಎರೆಮಣ್ಣು ಒಣಗಿ ಹೆಂಟೆ ಕಟ್ಟಿರುತ್ತದೆ. ಜೋರಾಗಿ ಬಡಿದಾಗ ಅದು ಉದುರುತ್ತದೆ. ಗಾಜು ದೂರ ಸಿಡಿಯಬಹುದು, ಮಣ್ಣಿನ ಹೆಂಟೆ ಅಷ್ಟು ದೂರ ಹೋಗುವುದಿಲ್ಲ. ಅದು ಬಿದ್ದ ಜಾಗ ಸರ್ಕಲ್ ಬಾಯಿಯಲ್ಲಿದೆಯೋ, ಒಳಗೆ ಮುಂದೆ ಇದೆಯೋ ಅನ್ನುವುದು ಫೋಟೋದಲ್ಲಿ ಕಂಡರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಗಾಡಿ ಸರಿಸುವ ಮೊದಲು, ನಡುವಿನ ದಿಬ್ಬವೂ ಕಾಣುವ ಹಾಗೆ ಫೋಟೋ ತೆಗೆದಿದ್ದರೆ ನಿಮ್ಮ ಪುಣ್ಯ.

ಈಗ ನಿಮ್ಮ ಪಾಲು. ಸರ್ಕಲ್ ಹತ್ತಿರ ನಿಧಾನ ಮಾಡಬೇಕಾದ್ದು ನಿಮ್ಮ ಕೆಲಸವೂ ಹೌದು. ನವನಗರದ ರಸ್ತೆಗಳು ಅಗಲ. ಆಲಮಟ್ಟಿ ಹಿನ್ನೀರಿಗಾಗಿ ಊರು ಬಿಟ್ಟವರಿಗೆ ಸೆಕ್ಟರ್ ಸೆಕ್ಟರ್ ಮಾಡಿ ಕಟ್ಟಿದ ಊರಲ್ವಾ, ಯೋಜನೆ ಹಾಕಿದ್ದು ಚಾರ್ಲ್ಸ್ ಕೊರಿಯಾ. ಆ ಅಗಲವೇ ಕಾಲನ್ನು ಆಕ್ಸಿಲರೇಟರ್ ಮೇಲೆ ಇಡಿಸುತ್ತದೆ. ನೀವು ಜೋರಾಗಿ ಬಂದಿದ್ದೀರಿ ಅಂತ ಸಾಬೀತಾದರೆ ಕೇಸು ನಡೆದಾಗ ತಪ್ಪನ್ನು ಹಂಚುತ್ತಾರೆ. ಮೋಟಾರು ಅಪಘಾತ ನ್ಯಾಯಮಂಡಳಿ ಇಷ್ಟು ಶೇಕಡಾ ಇವರದು, ಇಷ್ಟು ಅವರದು ಅಂತ ಭಾಗ ಮಾಡಬಹುದು. ನೂರಕ್ಕೆ ನೂರು ಒಬ್ಬರ ಮೇಲೇ ಬರಬೇಕು ಅಂತೇನಿಲ್ಲ. ಎಫ್‌ಐಆರ್‌ನಲ್ಲಿ ಯಾರ ಹೆಸರಿದೆ ಅನ್ನುವುದೂ ಕೊನೆಯ ಮಾತಲ್ಲ.

ಇನ್ನೊಂದು ರೀತಿಯ ಗುದ್ದಾಟವೂ ಇದೆ. ಒಳ ಸಾಲಿನಲ್ಲಿ ಸುತ್ತುತ್ತಿದ್ದವನು ತನ್ನ ರಸ್ತೆ ಬಂತು ಅಂತ ಏಕ್‌ದಂ ಎಡಕ್ಕೆ ಕತ್ತರಿಸುತ್ತಾನೆ, ಹೊರ ಸಾಲಿನವನಿಗೆ ತಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಸಾಲು ಬಿಟ್ಟವನದೇ ತಪ್ಪು. ಸುತ್ತಿ ಬರಲು ಬೇಸರವಾಗಿ ಉಲ್ಟಾ ಬರುವ ಬೈಕಿನವರ ಬಗ್ಗೆ ಏನೂ ಹೇಳುವುದಿಲ್ಲ. 2019ರ ತಿದ್ದುಪಡಿಯ ಮೇಲೆ ಅದು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರಿಗೆ ಕಾನೂನಿನಲ್ಲಿ ವಿಶೇಷ ಹಕ್ಕಿಲ್ಲ. ಆದರೂ ನಾನಂತೂ ನಿಂತು ಬಿಡುತ್ತೇನೆ.

ದುಡ್ಡಿನ ಮಾತಿಗೆ ಬರೋಣ. ಅವರಿಗೆ ನಗದು ಕೊಡಬೇಡಿ, "ತಪ್ಪು ನನ್ನದು" ಅಂತ ಕಾಗದದ ಮೇಲೆ ಬರೆದೂ ಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಹಣದ ಮಾತು ಕೊಡಬಾರದು ಅಂತ ನಿಮ್ಮ ಪಾಲಿಸಿಯ ಷರತ್ತಿನಲ್ಲೇ ಇದೆ. ಅವರು ಕೇಸು ಹಾಕಿ ನಿಮ್ಮದೇ ತಪ್ಪು ಅಂತಾದರೂ, ನಿಮ್ಮ ಕಾರಿನ ಥರ್ಡ್ ಪಾರ್ಟಿ ವಿಮೆ ಅವರ ಗಾಡಿಯ ನಷ್ಟಕ್ಕೆ 7.5 ಲಕ್ಷದವರೆಗೆ ಕೊಡುತ್ತದೆ. ಪ್ರೀಮಿಯಂ ಕಡಿಮೆ ಮಾಡಲು ಆ ಮಿತಿಯನ್ನು 6,000ಕ್ಕೆ ಇಳಿಸಿಕೊಂಡಿದ್ದರೆ ಮಾತ್ರ ತೊಂದರೆ. ಪಾಲಿಸಿ ಒಮ್ಮೆ ತೆಗೆದು ನೋಡಿ.

ನಿಮ್ಮ ಕಾರಿನ ರಿಪೇರಿಗೆ, ಫುಲ್ ಇನ್ಶೂರೆನ್ಸ್ ಇದ್ದರೆ, ತಪ್ಪು ಯಾರದು ಅನ್ನುವ ಪ್ರಶ್ನೆಯೇ ಬೇಕಾಗಿಲ್ಲ. ನಿಮ್ಮ ಕಂಪನಿಯೇ ಕೊಡುತ್ತದೆ. ಆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ, ಜನ ಲೆಕ್ಕ ತಪ್ಪುವುದು ಇಲ್ಲಿಯೇ. ನಿಮ್ಮದು 50 ಶೇಕಡಾ ತಲುಪಿದೆ, ಓನ್ ಡ್ಯಾಮೇಜ್ (ನಿಮ್ಮ ಸ್ವಂತ ಗಾಡಿಯ ನಷ್ಟದ) ಪ್ರೀಮಿಯಂ ವರ್ಷಕ್ಕೆ 10,000 ಅಂತ ಇಟ್ಟುಕೊಳ್ಳಿ. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸೊನ್ನೆ, ಆಮೇಲೆ 20, 25, 35, 45, ಮತ್ತೆ 50. ಕಳೆದುಕೊಳ್ಳುವ ರಿಯಾಯಿತಿ ಒಟ್ಟು 12,500 ರೂಪಾಯಿ. ಬಂಪರ್, ಲೈಟು ಸೇರಿ ಬಿಲ್ಲು ಅದಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಕೈಯಿಂದ ಹಾಕಿ ಮುಗಿಸುವುದು ಲಾಭ. ಪ್ಲಾಸ್ಟಿಕ್ ಭಾಗಗಳಿಗೆ ಜೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ವಿಮೆ) ಇಲ್ಲದಿದ್ದರೆ ಅರ್ಧ ಬೆಲೆ ಹೇಗೂ ನಿಮ್ಮದೇ.

ಅವರಿಂದಲೇ ವಸೂಲಿ ಮಾಡುತ್ತೇನೆ ಅಂದರೆ ದೂರು ಕೊಟ್ಟು ನ್ಯಾಯಮಂಡಳಿಗೆ ಹೋಗಬೇಕು. ಇಷ್ಟು ಸಣ್ಣ ಪೆಟ್ಟಿಗೆ ಆ ಓಡಾಟ ಬೇಡ ಅಂತ ನನ್ನ ಅಭಿಪ್ರಾಯ. ದೂರು ಬೇಡವಾದರೂ ಹತ್ತಿರದ ಠಾಣೆಗೆ 24 ಗಂಟೆಯೊಳಗೆ ವಿಷಯ ತಿಳಿಸಬೇಕು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ, ಯಾರಿಗೂ ಪೆಟ್ಟಾಗದೆ ಬರೀ ಇನ್ನೊಬ್ಬರ ವಸ್ತು ಹಾಳಾಗಿದ್ದರೂ ಅದು ಡ್ರೈವರ್ ಕರ್ತವ್ಯ. ಹಾಗೇ ಆ ಸರ್ಕಲ್ ಸುತ್ತ ಯಾವ ಅಂಗಡಿಗೆ ಸಿಸಿಟಿವಿ ಇದೆ ನೋಡಿ, ಇವತ್ತೇ ಹೋಗಿ ಕೇಳಿ. ಸಣ್ಣ ಅಂಗಡಿಗಳ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ಅಳಿಸಿಹೋಗಿ ಅದರ ಮೇಲೆ ಹೊಸದು ಕೂರುತ್ತದೆ.