ಬೋರಿನ ನೀರಿಗೆ ಒಗ್ಗುವ ಜಲಸಸ್ಯಗಳು

ಪ್ರಶ್ನೆ: ನಮ್ಮ ಎರಡು ಅಡಿಯ ಅಕ್ವೇರಿಯಂಗೆ ಬೋರ್‌ವೆಲ್ ನೀರನ್ನೇ ತುಂಬುತ್ತೇವೆ. ಅಂಗಡಿಯಿಂದ ತಂದ ಕಬೋಂಬಾ ಗಿಡಗಳು ಮೂರು ಸಲವೂ ಹದಿನೈದು ದಿನದೊಳಗೆ ಎಲೆ ಉದುರಿಸಿ ಕೊಳೆತುಹೋದವು. ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಗಾಜಿಗೆ ಅಂಟಿದ ಆ ಬಿಳಿ ಪೊರೆಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆಯ ನೆಲದಡಿಯಲ್ಲಿ ಸುಣ್ಣಕಲ್ಲು ಹರಡಿಕೊಂಡಿರುವುದರಿಂದ, ಅದರ ಬಿರುಕುಗಳಲ್ಲಿ ಹಾದುಬರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೋನೇಟ್ ಹೇರಳವಾಗಿ ಕರಗಿ ನೀರು ಗಡಸಾಗುತ್ತದೆ. ಕಬೋಂಬಾ ಮೆದು ನೀರಿನ ಗಿಡ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಮಾತ್ರ ಅದು ಹೀರಿಕೊಳ್ಳಬಲ್ಲದು. ಗಡಸು ನೀರಿನಲ್ಲಿ ಅದು ಸಾಕಷ್ಟು ಸಿಗದೆ ಗಿಡ ಸೊರಗುತ್ತದೆ.

ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಗಿಡಗಳು ಹಾಗಲ್ಲ, ಬೈಕಾರ್ಬೋನೇಟಿನಿಂದಲೂ ಇಂಗಾಲವನ್ನು ಪಡೆದು ನಮ್ಮ ನೀರಿನಲ್ಲಿ ಸೊಗಸಾಗಿ ಬೆಳೆಯುತ್ತವೆ. ಕೆಲವು ವಾರಗಳ ನಂತರ ವ್ಯಾಲಿಸ್ನೇರಿಯಾದ ಪಟ್ಟಿಯಂಥ ಎಲೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿದರೆ ಸಣ್ಣ ಮರಳಿನಂಥ ಒರಟು ತಾಕಬಹುದು. ಅದು ರೋಗವಲ್ಲ, ಎಲೆಯ ಮೇಲೆ ಇಳಿದ ಸುಣ್ಣ, ಔಷಧ ಹಾಕಬೇಡಿ. ಜಾವಾ ಫರ್ನ್ ಮತ್ತು ಅನುಬಿಯಾಸ್ ಕೂಡ ಒಗ್ಗುತ್ತವೆ, ಆದರೆ ಅವುಗಳ ಗಡ್ಡೆಯನ್ನು ಮರಳಿನಲ್ಲಿ ಹೂಳದೆ ಕಟ್ಟಿಗೆಯ ತುಂಡಿಗೆ ದಾರದಿಂದ ಕಟ್ಟಬೇಕು.

ಅಲಂಕಾರಕ್ಕೆಂದು ಶಹಾಬಾದ್ ಕಲ್ಲಿನ ಚೂರುಗಳನ್ನು ತೊಟ್ಟಿಗೆ ಹಾಕಬೇಡಿ. ಯಾವುದೇ ಕಲ್ಲಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ ಎಂದು ತಿಳಿಯಿರಿ. ಕುಡಿಯುವ ನೀರನ್ನು ಶುದ್ಧೀಕರಿಸುವ ಆರ್‌ಒ ಯಂತ್ರದಿಂದ ತ್ಯಾಜ್ಯವಾಗಿ ಹೊರಬೀಳುವ ನೀರು ಇನ್ನೂ ಹೆಚ್ಚು ಲವಣಭರಿತವಾದುದರಿಂದ ಅದನ್ನೂ ಬಳಸಬೇಡಿ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ತೊಟ್ಟಿಯ ನೀರು ಬೇಗ ಆವಿಯಾಗುತ್ತದೆ, ಆದರೆ ಲವಣವೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ನೀರನ್ನು ತುಂಬಿ ಸುಮ್ಮನಾಗದೆ, ವಾರಕ್ಕೊಮ್ಮೆ ಕಾಲು ಭಾಗವನ್ನು ಹೊರಚೆಲ್ಲಿ ಹೊಸ ನೀರು ಹಾಕಬೇಕು. ಸ್ವಚ್ಛವಾಗಿ ಹಿಡಿದಿಟ್ಟ ಮಳೆನೀರನ್ನು ಬೆರೆಸಿದರೆ ಬಹಳ ಒಳ್ಳೆಯದು.

ಪ್ರಶ್ನೆ: ಅಂಗಳದ ಬೇವಿನ ಮರದ ಕೆಳಗೆ ಸಿಮೆಂಟ್ ತೊಟ್ಟಿಯಲ್ಲಿ ತಾವರೆ ಹಾಕಿದ್ದೇವೆ. ಒಂದು ವರ್ಷವಾದರೂ ಹೂವಿಲ್ಲ, ಬರೀ ಎಲೆ.
– ಓದುಗರು, ಯಾದಗಿರಿ

ಉತ್ತರ: ಮೊದಲು ಅದು ತಾವರೆಯೇ ಎಂದು ನೋಡಿಕೊಳ್ಳಿ. ತಾವರೆಯ ಎಲೆ ಇಡೀ ದುಂಡಗಿದ್ದು, ಬೆಳೆದ ಮೇಲೆ ನೀರಿನಿಂದ ಎದ್ದು ನಿಲ್ಲುತ್ತದೆ. ಅದರ ಮೇಲೆ ಬಿದ್ದ ಹನಿ ಮಣಿಯಂತೆ ಉರುಳುತ್ತದೆ. ನೈದಿಲೆಯ ಎಲೆ ತೇಲುತ್ತದೆ, ಅಂಚಿನಿಂದ ತೊಟ್ಟಿನವರೆಗೆ ಸೀಳಿರುತ್ತದೆ. ಎರಡಕ್ಕೂ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು, ಬೇವಿನ ನೆರಳಿನಲ್ಲಿ ಅದು ದೊರೆಯದು. ಮರವನ್ನು ಕಡಿಯುವ ಯೋಚನೆ ಖಂಡಿತ ಬೇಡ. ತೂತಿಲ್ಲದ ಅಗಲವಾದ ಟಬ್ಬೊಂದನ್ನು ಬಿಸಿಲಿಗೆ ಇಟ್ಟು, ತಳಕ್ಕೆ ಚೆನ್ನಾಗಿ ಕಳಿತ ಗೊಬ್ಬರವನ್ನು ಸ್ವಲ್ಪ ಹಾಕಿ, ಮೇಲೆ ನಿಮ್ಮ ಹೊಲದ ಎರೆಮಣ್ಣನ್ನೇ ತುಂಬಿರಿ. ಜಿಗುಟಾದ ಆ ಮಣ್ಣು ತಾವರೆಗೆ ಹೇಳಿ ಮಾಡಿಸಿದಂತಿದೆ. ಗಡ್ಡೆಯನ್ನು ಅಡ್ಡವಾಗಿ ಮಲಗಿಸಿ, ಕುಡಿಯ ತುದಿ ಮಣ್ಣಿನಿಂದ ಹೊರಗಿರುವಂತೆ ನೋಡಿಕೊಳ್ಳಿ. ಕುಡಿ ಮುರಿದರೆ ಗಡ್ಡೆ ಕೊಳೆಯುವ ಸಂಭವ ಹೆಚ್ಚು.

ಪ್ರಶ್ನೆ: ಕೊಳದಲ್ಲಿ ಅಂತರಗಂಗೆ ವಿಪರೀತ ಹೆಚ್ಚಿದೆ. ಹೆಚ್ಚಾದುದನ್ನು ಊರ ಕೆರೆಗೆ ಬಿಡಬಹುದೇ?
– ಓದುಗರು, ಬೀದರ್

ಉತ್ತರ: ದಯವಿಟ್ಟು ಬಿಡಬೇಡಿ. ಒಂದೇ ಗಿಡ ಮರಿ ಹಾಕುತ್ತ ಹೋಗಿ ಕೆರೆಯ ಮೇಲ್ಮೈಯನ್ನು ಮುಚ್ಚುತ್ತದೆ. ಬೆಳಕು ಮತ್ತು ಆಮ್ಲಜನಕ ಸಾಲದೆ ಕೆಳಗಿನ ಮೀನುಗಳು ಸಾಯುತ್ತವೆ. ಗಿಡಗಳನ್ನು ಮಾಳಿಗೆಯ ಮೇಲೆ ಪೂರ್ತಿ ಒಣಗುವವರೆಗೆ ಹರವಿ, ಬಳಿಕ ತಿಪ್ಪೆಗೆ ಸೇರಿಸಿದರೆ ಗೊಬ್ಬರವಾಗುತ್ತದೆ.