ಮುಯ್ಯಾಳು ನಿಂತದ್ದೇಕೆ?

ಪ್ರಶ್ನೆ: ನಮ್ಮ ಕಡೆ ನಾಟಿಗೆ ಮುಯ್ಯಾಳು ಇತ್ತು. ಈ ದಿನ ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ಎಂ.ಎ. ಓದುತ್ತಿರುವ ಮಗಳು ಇದೂ ಕಾಫಿ ಮಂಡಳಿಯ ಹಾಗೆ ಒಂದು ಸಾಮಾಜಿಕ ಸಂಸ್ಥೆ ಅನ್ನುತ್ತಾಳೆ. ಕಚೇರಿ ಇಲ್ಲ, ಕಾಯ್ದೆ ಇಲ್ಲ, ಅದು ಹೇಗೆ ಸರ್? ಪದ್ಧತಿ ಎಲ್ಲರಿಗೂ ಗೊತ್ತಿದ್ದೂ ಈಗೇಕೆ ನಡೆಯುತ್ತಿಲ್ಲ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಮಗಳ ಮಾತು ಮುಕ್ಕಾಲು ಸರಿ. ಮುಯ್ಯಾಳು ಸಂಸ್ಥೆಯೇ. ನನ್ನ ತಕರಾರಿರುವುದು ಕಾಫಿ ಮಂಡಳಿಯ ಬಗ್ಗೆ. 1993ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡಗ್ಲಾಸ್ ನಾರ್ತ್ ಲೆಕ್ಕದಲ್ಲಿ ಸಂಸ್ಥೆ ಅಂದರೆ ಆಟದ ನಿಯಮ, ಸಂಘಟನೆಗಳು ಆಟಗಾರರು. ಮಂಡಳಿ ಆಟಗಾರ. ಬೆಳೆದ ಕಾಫಿಯನ್ನು ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಂಡಳಿಯೇ ಮಾರುವ ರಾಶಿಗೆ, ಹಾಕಬೇಕು, ದುಡ್ಡು ಕಂತಿನಲ್ಲಿ ಬರುತ್ತದೆ ಎಂಬ ಕಟ್ಟುಪಾಡು ಸಂಸ್ಥೆ. ಆ ಕಟ್ಟುಪಾಡು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಹೋಯಿತು. ಮಂಡಳಿ ಉಳಿಯಿತು, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಉಳಿಯಿತು.

ನಿಮ್ಮ ಎರಡನೆಯ ಪ್ರಶ್ನೆಯೇ ಗಟ್ಟಿಯಾದದ್ದು. ತತ್ತ್ವಜ್ಞಾನಿ ಜಾನ್ ಸರ್ಲ್ ಪ್ರಕಾರ, ಒಂದು ವಸ್ತುವನ್ನು ಇಂಥ ಸಂದರ್ಭದಲ್ಲಿ ಇಂಥದ್ದೆಂದು ನಾವೆಲ್ಲ ಒಪ್ಪುವುದರಿಂದಲೇ ಸಂಸ್ಥೆ ಹುಟ್ಟುತ್ತದೆ. 2016ರ ನವೆಂಬರ್ 8ರ ರಾತ್ರಿ ನೆನಪಿದೆಯಲ್ಲ? ಐನೂರರ ನೋಟಿನ ಕಾಗದ ಬದಲಾಗಲಿಲ್ಲ, ಅದರ ಸ್ಥಾನ ಬದಲಾಯಿತು. ಅಂಗಡಿಯಲ್ಲಿ ಸಲ್ಲದ ನೋಟು ಕೆಲವು ದಿನ ಪೆಟ್ರೋಲ್ ಬಂಕಿನಲ್ಲಿ ಸಲ್ಲುತ್ತಿತ್ತು. ಸಂದರ್ಭ ಅಂದರೆ ಇದೇ.

ನೋಟಿಗೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ, ಮುಯ್ಯಾಳಿಗೆ ಸಾಲದು. ಅದನ್ನು ಯಾರೂ ರದ್ದು ಮಾಡಲಿಲ್ಲ, ಈಗಲೂ ಕೇಳಿದರೆ ಎಲ್ಲರೂ ಒಳ್ಳೆಯ ಪದ್ಧತಿ ಅಂತಲೇ ಹೇಳುತ್ತಾರೆ. ಇಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1969ರಲ್ಲಿ ಹೇಳಿದ್ದು ಹೆಚ್ಚು ಕೆಲಸಕ್ಕೆ ಬರುತ್ತದೆ: ಬೇರೆಯವರು ನಡೆದುಕೊಳ್ಳುತ್ತಾರೆಂಬ ನಿರೀಕ್ಷೆ ಇದ್ದರಷ್ಟೇ ನಾನೂ ನಡೆದುಕೊಳ್ಳುತ್ತೇನೆ. ಈಚೆಗೆ ಫ್ರಾನ್ಸೆಸ್ಕೊ ಗ್ವಾಲಾ ಮತ್ತು ಫ್ರಾಂಕ್ ಹಿಂಡ್ರಿಕ್ಸ್ ಎಂಬ ತತ್ತ್ವಜ್ಞಾನಿಗಳು ನಿಯಮದ ವಿವರಣೆ, ನಿರೀಕ್ಷೆಯ ವಿವರಣೆ ಎರಡನ್ನೂ ಜೋಡಿಸಿದ್ದಾರೆ. ನಿಯಮವೂ ಇರಬೇಕು, ಅದನ್ನು ಪಾಲಿಸುವುದು ಪ್ರತಿಯೊಬ್ಬರಿಗೂ ಗಿಟ್ಟುವಂತೆಯೂ ಇರಬೇಕು. ನಾನು ಇವರ ಪಕ್ಷ.

ಒಬ್ಬರು ಗದ್ದೆಗೆ ಶುಂಠಿ ಹಾಕಿದರು, ಇನ್ನೊಬ್ಬರು ಪಾಳು ಬಿಟ್ಟರು, ಮತ್ತೊಬ್ಬರ ಮಕ್ಕಳು ಬೆಂಗಳೂರು ಸೇರಿದರು ಅನ್ನಿ. ಉಳಿದವರಿಗೆ, ನಾನು ಮಾಡಿದ ಆಳು ವಾಪಸ್ ಬರುತ್ತದೆಯೇ ಎಂಬ ಅನುಮಾನ ಬಂದರೆ ಸಾಕು, ಅವರೂ ಕೂಲಿಯವರನ್ನು ಕರೆಯುತ್ತಾರೆ. ಯಾರ ಸ್ವಭಾವವೂ ಕೆಡಬೇಕಿಲ್ಲ. (ಹಳ್ಳಿಯಲ್ಲಿ ಒಗ್ಗಟ್ಟು ಹೋಯಿತು ಎಂಬ ಭಾಷಣ ಕೇಳಿದಾಗ ನನಗೆ ರೇಗುವುದು ಇದಕ್ಕೇ.) ಅದೇ ಜನ ಮದುವೆಯ ಮುಯ್ಯಿಯನ್ನು ಮಾತ್ರ ಬಿಟ್ಟಿಲ್ಲ, ಯಾರು ಎಷ್ಟು ಮಾಡಿದರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ತೀರಿಸುತ್ತಾರೆ. ನಾಟಿ ಎಲ್ಲರ ಮನೆಯಲ್ಲೂ ಇಲ್ಲ, ಮದುವೆ ಇದೆ.